ಡ್ರಮ್ಮಿನವನ ಕೋಟಿಗೆ ತುತ್ತೂರಿಯವನ ತೋಳು

ಬ್ಯಾಂಡಿನವರ ಹದಿನಾಲ್ಕು ಕೋಟುಗಳು ಎರಡನೇ ಸಲ ಹೊಲಿಗೆ ಅಂಗಡಿಗೆ ವಾಪಸು ಬಂದವು. ಡ್ರಮ್ ಬಾರಿಸುವವನ ಕೋಟಿನ ತೋಳು ಬೆರಳು ಮುಚ್ಚಿ ಜೋತಾಡುತ್ತಿತ್ತು. ಎತ್ತರದ ಆಳಾದ ತುತ್ತೂರಿಯವನ ತೋಳು ಮೊಣಕೈ ದಾಟುವಷ್ಟರಲ್ಲಿ ಮುಗಿದಿತ್ತು.

ಹೊಲಿಗೆಯಾಕೆ ಸಂಜೆ ಮನೆಗೆ ಬಂದವಳೇ ಚೀಲ ಬಿಸಾಕಿ, ನಾಳೆಯಿಂದ ಕೆಲಸಕ್ಕೆ ಹೋಗುವುದಿಲ್ಲ ಎಂದಳು. ಹನ್ನೊಂದು ವರ್ಷ ತುಳಿದ ಯಂತ್ರ. ಯಾವ ತುಂಡು ಯಾರ ಕೋಟಿನದು ಎಂದು ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ತರು ಸೀಮೆಸುಣ್ಣದಲ್ಲಿ ನಂಬರು ಹಾಕಬೇಕು. ಅವರು ತನ್ನನ್ನು ಕಂಡರಾಗದೆ ಬೇಕೆಂದೇ ಹಾಕುತ್ತಿಲ್ಲ, ತಾನು ಅಂದಾಜಿನಲ್ಲಿ ಹೊಲಿದು ಬೈಸಿಕೊಳ್ಳಬೇಕು. ಇದು ಅವಳ ಗೋಳು.

ಅತ್ತೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಬಟಾಣಿ ಬಿಡಿಸುತ್ತಲೇ ಕೇಳಿದರು.

“ಮಾಸ್ತರನ್ನ ಕೇಳಿದ್ಯಾ?”

“ಮಾತು ಬಿಟ್ಟು ತಿಂಗಳಾಯ್ತು ಅತ್ತೆ. ಅಂಗಡೀಲಿ ಇಸ್ತ್ರಿ ಮಾಡೋ ಚಿಕ್ಕಮ್ಮನ ಕೈಲಿ ಹೇಳಿ ಕಳಿಸ್ತೀನಿ.”

“ಹೇಳಿ ಕಳಿಸೋದು ಬೇರೆ, ಕೇಳೋದು ಬೇರೆ ಕಣಮ್ಮ.”

ಅತ್ತೆ ತಮ್ಮ ಹಳೆಯ ಕೆಲಸದ ಕತೆ ಹೇಳಿದರು. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದವರು ಒಂದೊಂದು ಹಾಸಿಗೆಯ ಪಕ್ಕವೂ ನಿಂತು ಮುಂದಿನವರಿಗೆ ವಿಷಯ ಹೇಳುತ್ತಿದ್ದರಂತೆ. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಿ ಒಪ್ಪಿಸುತ್ತಿದ್ದರಂತೆ. ಇಬ್ಬರು ಆಯಾಗಳು ಮುನಿಸಿಕೊಂಡಿದ್ದ ಒಂದು ದಿನ ಒಬ್ಬನೇ ರೋಗಿಗೆ ಎರಡು ಸಲ ಸ್ನಾನವಾಗಿತ್ತಂತೆ.

“ಮಾಸ್ತರ ಹತ್ರ ಹೋಗಿ ‘ನೀವು ನಂಬರು ಹಾಕಲ್ಲ’ ಅಂತ ಶುರು ಮಾಡಬೇಡ. ‘ನನ್ನ ಕೈಗೆ ಬರುವಾಗ ನಂಬರು ಕಾಣಲ್ಲ’ ಅನ್ನು. ಆಮೇಲೆ ಅವರು ಮುಗಿಸೋವರೆಗೂ ಬಾಯಿ ಮುಚ್ಕೊಂಡಿರು.”

“ಅದೇ ಕಷ್ಟ ಅತ್ತೆ.”

“ನಂಗೆ ಗೊತ್ತಿಲ್ವಾ?” ಎಂದು ಅತ್ತೆ ನಕ್ಕರು.

ಇದರಿಂದ ಏನೂ ಆಗದು ಎಂದುಕೊಂಡೇ ಬೆಳಿಗ್ಗೆ ಅವಳು ಒಂದು ತೋಳಿನ ತುಂಡು ಹಿಡಿದು ಕಟಿಂಗ್ ಮೇಜಿಗೆ ಹೋದಳು. ಅತ್ತೆ ಹೇಳಿಕೊಟ್ಟಷ್ಟನ್ನೇ ಹೇಳಿದಳು. ಮಾಸ್ತರ ಕತ್ತರಿ ನಿಂತಿತು.

“ದಿನಾ ಹಾಕ್ತೀನಲ್ಲಮ್ಮ. ನೀನೇ ನೋಡದೆ ಹೊಲೀತೀಯ ಅಂದ್ಕೊಂಡಿದ್ದೆ.”

ಖಾರವಾದ ಉತ್ತರವೊಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಮಾಸ್ತರು ಅವಳೆದುರೇ ಹೊಸ ತುಂಡಿನ ಮೇಲೆ ದಪ್ಪಗೆ ಏಳು ಎಂದು ಬರೆದರು. ಈ ಏಳು ಹೋಗುವುದೆಲ್ಲಿಗೆ ಎಂದು ಇಬ್ಬರೂ ಅದರ ಹಿಂದೆಯೇ ನಡೆದರು. ತುಂಡು ಇಸ್ತ್ರಿ ಮೇಜಿಗೆ ಬಂತು. ಚಿಕ್ಕಮ್ಮ ನೀರು ಚಿಮುಕಿಸಿ ಬಿಸಿ ಪೆಟ್ಟಿಗೆ ಎಳೆದರು. ಏಳು ಮಂಗಮಾಯ.

“ತುಂಡೆಲ್ಲ ಮುದುರಿ ಬರುತ್ತೆ ಅಂತ ನೀನೇ ಗೊಣಗಿದ್ಯಲ್ಲೇ? ಪಾಪ, ಅವತ್ತಿಂದ ಇಸ್ತ್ರಿ ಮಾಡಿ ಕೊಡ್ತಿದ್ದೀನಿ,” ಎಂದರು ಚಿಕ್ಕಮ್ಮ.

“ಮತ್ತೆ ನಾನು ಮಾಸ್ತರಿಗೆ ಹೇಳಿ ಕಳಿಸಿದ್ದು?”

“ಅಂಥ ಮಾತು ಹೇಗೆ ಹೇಳಲಿ? ಚೆನ್ನಾಗಿದ್ದೀರಾ ಅಂತ ಕೇಳಿದಳು ಅಂತಿದ್ದೆ.”

“ಅದಕ್ಕೇ ನಾನೂ ತಲೆ ಕೆಡಿಸ್ಕೊಂಡಿದ್ದೆ,” ಎಂದರು ಮಾಸ್ತರು. “ಮುಖ ತಿರುಗಿಸಿಕೊಂಡು ಓಡಾಡೋಳು ದಿನಕ್ಕೆ ಮೂರು ಸಲ ನನ್ನ ಆರೋಗ್ಯ ಯಾಕೆ ವಿಚಾರಿಸ್ತಾಳೆ ಅಂತ.”

ಹೊಲಿಗೆಯಾಕೆ ನಗು ತಡೆಯಲಾಗದೆ ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕುಳಿತುಬಿಟ್ಟಳು. ಮೊದಲು ಗೊಣಗಿದ್ದು ತಾನೇ ಎಂದು ಒಪ್ಪಿಕೊಂಡಳು. ಅಂದೇ ತೋಳುಗಳನ್ನು ಬಿಚ್ಚಿ, ಅಳತೆ ನೋಡಿ, ಅವರವರ ಕೋಟಿಗೆ ಸೇರಿಸಿದರು. ಈಗ ನಂಬರನ್ನು ಚೀಟಿಯಲ್ಲಿ ಬರೆದು ದಾರದಿಂದ ತುಂಡಿಗೆ ಕಟ್ಟುತ್ತಾರೆ. ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು ಮೂವರೂ ಐದು ನಿಮಿಷ ಮೇಜಿನ ಸುತ್ತ ನಿಂತು ಮಾತಾಡುತ್ತಾರೆ.

ಮುಂದಿನ ವಾರ ಬ್ಯಾಂಡು ಅವರ ಮನೆಯ ಬೀದಿಯಲ್ಲೇ ಹಾದುಹೋಯಿತು. ಅತ್ತೆ ಬಾಗಿಲಲ್ಲಿ ನಿಂತು ಇಪ್ಪತ್ತೆಂಟು ತೋಳುಗಳನ್ನೂ ಪರೀಕ್ಷಿಸಿ, ಸೊಸೆಯ ಬೆನ್ನು ತಟ್ಟಿದರು.

ಅಕ್ಕಂದಿರೇ, ಅಣ್ಣಂದಿರೇ, ನೀವು ಕೆಲಸ ಮಾಡುವಲ್ಲಿ ಯಾರೊಡನೆಯಾದರೂ ಮಾತು ನಿಂತಿದೆಯೇ? ಇನ್ನೊಬ್ಬರ ಕೈಲಿ ಹೇಳಿ ಕಳಿಸಬೇಡಿ. ನಾಲ್ಕು ಹೆಜ್ಜೆ ನೀವೇ ನಡೆದು ಹೋಗಿ. ದೂರುವ ಬದಲು ನಿಮ್ಮ ಕಣ್ಣಿಗೆ ಕಂಡದ್ದನ್ನು ಹೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಕೆಲಸ ಬಿಡುವ ಯೋಚನೆ ಅಷ್ಟು ಹೊತ್ತು ಕಾಯಲಿ. ಯಾರಿಗೆ ಗೊತ್ತು, ಅವರೂ ನಿಮ್ಮಂತೆಯೇ ನಡುವೆ ಎಲ್ಲೋ ಅಳಿಸಿಹೋದ ಏಳನ್ನು ಹುಡುಕುತ್ತಿರಬಹುದು.