ನನ್ನ ಕೈಗೆ ಕೊಟ್ಟ ಬರೆಯ ಕಡ್ಡಿ

ನಮ್ಮ ಮನೆಯಲ್ಲಿ ಮೀನುಸಾರು ಮಾಡುವವಳು ನಾನು, ಎಲ್ಲರೂ ಆಸೆಪಡುವ ಮೀನಿನ ತಲೆ ಬೀಳುವುದು ಓರಗಿತ್ತಿ ಹೇಮಾವತಿಯ ತಟ್ಟೆಗೆ. ಇದೆಲ್ಲ ನಡೆದಾಗ ಆರು ವರ್ಷ ಗೇಯ್ದ ಹಿರಿಸೊಸೆ ನಾನು; ಅವಳು ಬಂದು ಎರಡು ವರ್ಷವಾಗಿತ್ತಷ್ಟೆ. ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ, ಬಾಯಿ ತುಂಬ ನಗು, ಮಡಿಲಲ್ಲಿ ಮಗು. ಸುಳ್ಳು ಯಾಕೆ ಹೇಳಲಿ, ಅವಳನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಅವಳ ಎಡ ದವಡೆಯ ಮೂಲೆಯಲ್ಲಿ ಒಂದು ಗಡ್ಡೆ. ನೋವಿಲ್ಲ, ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ಬಾಣಂತನ ಮುಗಿದು ಮುಖ ಇಳಿದ ಮೇಲೆ ಎದ್ದು ಕಂಡಿತು. ಸಾಗರದ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಎಕ್ಸ್‌ರೇ, ಸ್ಕ್ಯಾನ್ ನೋಡಿ ಡಾಕ್ಟರು ಬಿಡಿಸಿ ಹೇಳಿದರು: "ಇದು ಮೂಳೆಯದೇ ಬೆಳವಣಿಗೆ, ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆಯಿಂದ ನಿಧಾನಕ್ಕೆ ಬೆಳೆದಿದೆ. ತೊಂದರೆ ಕೊಡದಿದ್ರೆ ಹೀಗೇ ಇರ್ಲಿ, ವರ್ಷಕ್ಕೊಮ್ಮೆ ತೋರಿಸಿ. ಬೇಕಾದ್ರೆ ಆಪರೇಷನ್ ಮಾಡಿ ತೆಗೀಬಹುದು."

ಮನೆಗೆ ಬಂದು ಹೇಮಾ ಅದನ್ನೇ ಹೇಳಿದಳು. ಅತ್ತೆ ಕನ್ನಮ್ಮ ನಂಬಲಿಲ್ಲ, ನನ್ನ ಕಡೆ ತಿರುಗಿದರು.

"ಹೌದೇನೇ ದೊಡ್ಡೋಳೆ? ಡಾಕ್ಟ್ರು ಹಂಗೇ ಹೇಳಿದ್ರಾ?"

"ನಂಗೆ ಸರಿಯಾಗಿ ಕೇಳಿಸ್ಲಿಲ್ಲ ಅತ್ತೆ," ಎಂದೆ.

ಯಾಕೆ ಹಾಗೆಂದೆ? ಹೇಮಾ ಬರುವ ಮುಂಚೆ, ಮಕ್ಕಳಾಗಲಿಲ್ಲವೆಂದು ಅತ್ತೆಯ ಅಣ್ಣ ಗುತ್ಯಪ್ಪ ನನ್ನ ಹೊಟ್ಟೆಗೆ ಬರೆ ಹಾಕಿದ್ದ. ಕಾದ ಕಬ್ಬಿಣದ ಮೂರು ಗೆರೆ, ತಿಂಗಳುಗಟ್ಟಲೆ ಕೀವು. ನನ್ನ ಗಂಡನೂ ಬಾಯಿ ಬಿಟ್ಟಿರಲಿಲ್ಲ. ನನಗೆ ಬಿದ್ದದ್ದು ಅವಳಿಗೂ ಬೀಳಲಿ ಅನ್ನಿಸಿತು.

ಅತ್ತೆ ಹೇಳಿಕಳಿಸಿದರು, ಅಮಾವಾಸ್ಯೆಯ ಬೆಳಿಗ್ಗೆ ಹೇಮಾಳಿಗೆ ಬರೆ ಹಾಕಲು ಗುತ್ಯಪ್ಪ ಬಂದ. ಹೇಮಾಳ ಗಂಡ ಕಾಂತರಾಜ್ ಮೆಲ್ಲಗೆ ಬಾಯಿ ಹಾಕಿದ.

"ಎಕ್ಸ್‌ರೇ ತೆಗ್ಸಿದೀವಲ್ಲ ಮಾವ..."

"ಸುಮ್ನಿರೋ! ನಿಮ್ಮಪ್ಪನ ಕಾಲದಿಂದ ಬರೆ ಹಾಕ್ತಿದೀನಿ ನಾನು. ಇದು ದೃಷ್ಟಿ ಗಡ್ಡೆ. ಯಾರ ಕಣ್ಣು ಬಿದ್ದಿದ್ಯೋ ಅವರ ಕೈಯಿಂದ್ಲೇ ಬರೆ ಬೀಳ್ಬೇಕು."

ಮಕ್ಕಳಿಲ್ಲದವಳ ಕಣ್ಣೇ ಬಿದ್ದಿರಬೇಕೆಂದು ಎಲ್ಲರೂ ನನ್ನನ್ನೇ ನೋಡಿದರು. ಒಲೆಯಲ್ಲಿ ಕೆಂಪಗೆ ಕಾದ ಕಡ್ಡಿಗೆ ಬಟ್ಟೆ ಸುತ್ತಿ ಅವನು ನನ್ನ ಕೈಗೆ ಕೊಟ್ಟ. ಅತ್ತೆ ಹೇಮಾಳ ತಲೆಯನ್ನು ಒತ್ತಿ ಹಿಡಿದರು.

"ಅಕ್ಕಾ, ನೀವೂ ಕೇಳಿಸ್ಕೊಂಡ್ರಲ್ಲ..." ಹೇಮಾ ನನ್ನ ಸೆರಗು ಹಿಡಿದಳು.

ಕಬ್ಬಿಣದ ಕಾವು ಮುಖಕ್ಕೆ ರಾಚಿದ್ದೇ ತಡ, ನನ್ನ ಹೊಟ್ಟೆಯ ಮೇಲಿನ ಹಳೆಯ ಗೆರೆಗಳು ಚುರ್ರೆಂದವು. ಅಯ್ಯೋ, ಎಂಥ ಪಾಪಿ ನಾನು! ಕಡ್ಡಿಯನ್ನು ಪಕ್ಕದ ನೀರಿನ ಬಕೆಟ್ಟಿಗೆ ಅದ್ದಿಬಿಟ್ಟೆ.

"ಹೊಟ್ಟೆಕಿಚ್ಚು ಪಟ್ಟಿದೀನಿ ಅತ್ತೆ, ಬೇಕಾದಷ್ಟು ಪಟ್ಟಿದೀನಿ. ಆದ್ರೆ ಅದಕ್ಕೆ ಮೂಳೆ ಬೆಳೆಸೋ ತಾಕತ್ತಿಲ್ಲ. ಡಾಕ್ಟ್ರು ಹೇಳಿದ್ದು ಒಂದೊಂದು ಮಾತೂ ನಂಗೆ ಕೇಳಿಸಿತ್ತು, ಬೇಕಂತ್ಲೇ ಸುಳ್ಳು ಹೇಳ್ದೆ. ನಂಗೆ ಹಾಕಿದ ಬರೆಯಿಂದ ಎಂತ ಆಯ್ತು, ಮಗು ಹುಟ್ತಾ? ಇನ್ನು ಈ ಮನೇಲಿ ಯಾರ ಮೈಗೂ ಕಬ್ಬಿಣ ಮುಟ್ಟಿಸೋಕೆ ನಾ ಬಿಡೋದಿಲ್ಲ."

ಅತ್ತೆಯ ಕೈ ಸಡಿಲವಾಯಿತು. ಗುತ್ಯಪ್ಪ ಗೊಣಗುತ್ತ ಎದ್ದು ಹೋದ. ಹೇಮಾ ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ, ತಪ್ಪು ನನ್ನದೇ.

ಈಗ ವರ್ಷಕ್ಕೊಮ್ಮೆ ಅವಳನ್ನು ಸಾಗರಕ್ಕೆ ನಾನೇ ಕರೆದೊಯ್ಯುತ್ತೇನೆ. ಮೀನಿನ ತಲೆ ಇವತ್ತಿಗೂ ಅವಳ ತಟ್ಟೆಗೇ ಬೀಳುತ್ತದೆ, ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಗಡ್ಡೆ ಮಾತ್ರ ಮೂರು ವರ್ಷದಿಂದ ಇದ್ದಷ್ಟೇ ಇದೆ.