ಯಮುನಾಬಾಯಿಯ ಬೆನ್ನಿನ ನೀರು

ಯಮುನಾಬಾಯಿಯವರು ಇನ್ನಿಲ್ಲ ಎಂಬ ಸುದ್ದಿ ಮನೆಗೆ ಬಂದ ದಿನ ಆ ಸುದ್ದಿಯ ಹಿಂದೆಯೇ ನಾನೂ ಬಂದೆ. ರೋಹಿಣಿಯ ಕೈಯಲ್ಲಿ ನೇತಾಡುತ್ತ ಬಂದೆ. ರೋಹಿಣಿ ಯಮುನಾಬಾಯಿಯವರ ಶಾಲೆಯಲ್ಲಿಯೇ ಗಣಿತ ಕಲಿಸುವವಳು. ರಜೆ ಬಂದರೆ ಅವರ ಜೊತೆ ಕಪ್ಪತಗುಡ್ಡದ ಕಲ್ಲುದಾರಿಯಲ್ಲಿ ಸೈಕಲ್ ಹೊಡೆಯುವವಳು. ಗದಗಿನ ಆ ಹಳೆಯ ಓಣಿಯ ಮನೆಯ ಕಟ್ಟೆಯ ಮೇಲೆ ಅವಳು ನನ್ನನ್ನು ಮೆಲ್ಲಗೆ ಇಟ್ಟಳು. ಒಳಗಿನಿಂದ ಶ್ರೀಪಾದರಾಯರು ಶಾಲು ಹೊದ್ದುಕೊಂಡು ಬಂದರು. ಅವರು ಯಮುನಾಬಾಯಿಯವರ ಅಣ್ಣ. ಮೈಯಲ್ಲಿ ಜ್ವರ ಇನ್ನೂ ಇತ್ತು. ಆಸ್ಪತ್ರೆಯಿಂದ ಫೋನು ಆಗಲೇ ಬಂದಿತ್ತು.

ತಂಗಿಗೆ ಏನಾಯಿತೆಂದು ಅವರು ಕೇಳಲಿಲ್ಲ.

"ಬಾಯಾಗ ನೀರು ಬಿತ್ತೇನವಾ?" ಎಂದರು.

"ಬಿತ್ತು ಸರ್. ಏರು ಹತ್ತಿ ಗಿಡದ ನೆರಳಿಗೆ ಕೂತ್ರು. ಎದಿ ಹಿಡಿದಂಗ ಆಗ್ತದ ಅಂದ್ರು. ಈ ಚೀಲದ ಪೈಪಿನಿಂದನ ಎರಡು ಗುಟುಕು ಕುಡಿದು, 'ಸಾಕು' ಅಂದ್ರು. ಅಷ್ಟ ಸರ್."

"ಅದು ಬರೇ ನೀರು, ರೋಹಿಣಿ." ರಾಯರು ಬಾಗಿಲ ಚೌಕಟ್ಟು ಹಿಡಿದು ನಿಂತರು. "ದೇವರ ಮನ್ಯಾಗ ಗಂಗಾಜಲದ ಕಾಶಿ ಗಿಂಡಿ ಅದ. ಮುದ್ರಿ ಸೈತ ಒಡೆದಿಲ್ಲ. ನನಗಂತ ಇಟ್ಟುಕೊಂಡಿದ್ದೆ. ಅಕಿ ಬಾಯಿಗೆ ಒಂದು ಹನಿ ತೀರ್ಥ ಹಾಕ್ಲಿಕ್ಕೆ ಯಾರೂ ಇರಲಿಲ್ಲಲ್ಲ."

ಆ ಮನೆತನದಲ್ಲಿ ಹೊರಟ ಜೀವದ ಬಾಯಿಗೆ ತುಳಸಿ ತೀರ್ಥ ಬಿಡದೆ ಯಾರನ್ನೂ ಕಳಿಸಿರಲಿಲ್ಲ. ರಾಯರು ತಾಯಿಗೆ ಬಿಟ್ಟಿದ್ದರು, ತಂದೆಗೆ ಬಿಟ್ಟಿದ್ದರು. ಬೆನ್ನ ಮೇಲೆ ಹೊತ್ತು ಆಡಿಸಿದ ತಂಗಿಗೆ ಬಿಡಲಾಗಲಿಲ್ಲ. ಅವರ ದುಃಖದ ತಳದಲ್ಲಿ ಇದ್ದದ್ದು ಈ ಒಂದೇ ಮುಳ್ಳು.

ಅದಕ್ಕೆ ಉತ್ತರ ನನ್ನ ಹೊಟ್ಟೆಯಲ್ಲಿತ್ತು. ಆದರೆ ದೇವರು ನನಗೆ ನಳಿಕೆ ಕೊಟ್ಟಿದ್ದಾನೆ, ನಾಲಗೆ ಕೊಟ್ಟಿಲ್ಲ.

ನಾನು ಒಂದು ನೀರಿನ ಬೆನ್ನುಚೀಲ. ಹೊರಗೆ ನೀಲಿ ಬಟ್ಟೆ, ಒಳಗೆ ನೀರು ತುಂಬುವ ಮೆತ್ತನೆಯ ಹೊಟ್ಟೆ. ಹೊಟ್ಟೆಯಿಂದ ಒಂದು ನಳಿಕೆ ಹೊರಟು ಭುಜದ ಪಟ್ಟಿಯ ಮೇಲೆ ಹಾದು ಬಾಯಿಯ ಹತ್ತಿರ ಬರುತ್ತದೆ. ತುದಿಯನ್ನು ಹಲ್ಲಿನಿಂದ ಮೆಲ್ಲಗೆ ಅದುಮಿ ಹೀರಿದರೆ ನೀರು. ಸೈಕಲ್ಲಿನವರು ಕೈ ಬಿಡದೆ ಕುಡಿಯಬಹುದು, ಗುಡ್ಡ ಹತ್ತುವವರು ನಿಲ್ಲದೆ ಕುಡಿಯಬಹುದು. ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನ ಕೊನೆಯ ಹೊಲಿಗೆ ಹಾಕಿದ ಹೆಂಗಸು ಕತ್ತರಿ ಸಿಗದೆ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ಹಾಗಾಗಿ ನಾನು ಹುಟ್ಟುತ್ತಲೇ ಎಂಜಲು. ಈ ಮಾತು ಶ್ರೀಪಾದರಾಯರಿಗೆ ಗೊತ್ತಾಗಿದ್ದರೆ ನಾನು ಆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಅಣ್ಣತಂಗಿ ಇಬ್ಬರೂ ನನ್ನನ್ನು ಆರಿಸಿದ್ದು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. ಯಮುನಾಬಾಯಿಯವರು ಆಟದ ಟೀಚರು. ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಇದ್ದವರು. ಐವತ್ತು ದಾಟಿದ ಮೇಲೆ ಗುಡ್ಡದ ಸೈಕಲ್ ಕೊಂಡಿದ್ದರು. ಅಂಗಡಿಯವನು ಮೊದಲು ನನ್ನ ಪಕ್ಕದಲ್ಲಿದ್ದ ದೊಡ್ಡ ಚೀಲವನ್ನು ಇಳಿಸಿದ.

"ಮೇಡಂ, ಇದು ಮೂರು ಲೀಟರ್ ಹಿಡೀತದ. ಸಾಮಾನಿಗೂ ಭಾಳ ಜಾಗ ಅದ ನೋಡ್ರಿ."

"ಜಾಗ ಇದ್ದಷ್ಟೂ ತುಂಬೂ ಚಟ ನಮ್ಮನ್ಯಾಗ. ನಮ್ಮಣ್ಣ ಇದರಾಗ ಅವಲಕ್ಕಿ ಡಬ್ಬಿ, ಪಂಚಾಂಗ, ಛತ್ರಿ ಎಲ್ಲಾ ಇಟ್ಟುಬಿಡ್ತಾನ. ಅರ್ಧ ದಿನದ ಗುಡ್ಡಕ್ಕ ಎರಡು ಲೀಟರ್ ಸಾಕು. ಆ ನೀಲಿದು ಕೊಡ್ರಿ."

ಅವರು ನನ್ನನ್ನು ಖಾಲಿಯಾಗಿ ಹಾಕಿ ನೋಡಲಿಲ್ಲ; ಅಂಗಡಿಯವನಿಂದ ನೀರು ತುಂಬಿಸಿಕೊಂಡರು. ಎದೆಯ ಪಟ್ಟಿ, ಸೊಂಟದ ಪಟ್ಟಿ ಬಿಗಿದುಕೊಂಡು, ಇಲ್ಲದ ಸೈಕಲ್ಲಿನ ಹ್ಯಾಂಡಲ್ ಹಿಡಿದವರಂತೆ ಮುಂದಕ್ಕೆ ಬಾಗಿದರು. ನಾನು ಮೇಲೆ ಸರಿದು ತಲೆಗೆ ಬಡಿಯುತ್ತೇನೋ, ಪಕ್ಕಕ್ಕೆ ಜಾರುತ್ತೇನೋ ಎಂದು ಎರಡು ಸಲ ಕುಣಿದು ನೋಡಿದರು. ನಾನು ಬೆನ್ನಿಗೆ ಅಂಟಿಕೊಂಡೇ ಇದ್ದೆ. ಆಮೇಲೆ ನನ್ನ ಹೊಟ್ಟೆಯ ಬಾಯಿ ತೆಗೆದು ಕೈಯನ್ನು ಪೂರ್ತಿ ಒಳಗೆ ಹಾಕಿ ತಳ ಮುಟ್ಟಿದರು. "ಕೈ ಹೋಗ್ತದ. ತೊಳೀಲಿಕ್ಕೆ ಬರ್ತದ. ಕೈ ಹೋಗದ ಪಾತ್ರಿ ನಮ್ಮ ವೈನಿ ಮನಿಯೊಳಗ ಸೇರಸೂದಿಲ್ಲ," ಎಂದು ಅತ್ತಿಗೆಯನ್ನು ನೆನೆದರು. ಕೊನೆಗೆ ಮೂಗು ಇಟ್ಟು ಮೂಸಿದರು. ಪ್ಲಾಸ್ಟಿಕ್ಕಿನ ನಾತವಿರಲಿಲ್ಲ.

ರಾಯರು ನಳಿಕೆಯ ತುದಿಯನ್ನು ತೋರಿಸಿ ಕೇಳಿದರು: "ಇದನ್ನ ಕಚ್ಚಿ ಕುಡೀಬೇಕಾ? ಒಮ್ಮೆ ಕಚ್ಚಿದ ಮ್ಯಾಲೆ ಇಡೀ ಚೀಲ ಎಂಜಲಾಗಲಿಲ್ಲೇನು?"

ಅಂಗಡಿಯವನಿಗೆ ಇಂಥ ಪ್ರಶ್ನೆಯನ್ನು ಯಾರೂ ಹಾಕಿರಲಿಲ್ಲ. ಆದರೂ ಎದೆಗುಂದದೆ, "ಸರ್, ಬಾಯಿ ತುದಿ ಬ್ಯಾರೆ ಸಿಗ್ತದ್ರಿ. ಮೇಡಂ ಅವರಿಗೊಂದು, ನಿಮಗೊಂದು," ಎಂದ.

"ತುದಿ ಎರಡಾದ್ರೂ ಹೊಟ್ಟಿ ಒಂದ ಅಲ್ಲೇನಪಾ?"

"ಅಣ್ಣಾ," ಎಂದರು ಯಮುನಾಬಾಯಿ, "ಸಣ್ಣವರಿದ್ದಾಗ ನನ್ನ ಕೈಯಾಗಿನ ಪೇರಲಹಣ್ಣು ಕಸಗೊಂಡು ಕಚ್ಚತಿದ್ದಿ. ಆವಾಗ ಎಲ್ಲಿ ಹೋಗಿತ್ತು ನಿನ್ನ ಮಡಿ?"

"ಆವಾಗ ನನ್ನ ಮುಂಜಿವಿ ಆಗಿರಲಿಲ್ಲ!"

ಅಂಗಡಿಯೆಲ್ಲ ನಕ್ಕಿತು. ಯಮುನಾಬಾಯಿಯವರು ನಗುತ್ತಲೇ ಎರಡನೆಯ ತುದಿಯನ್ನೂ ಕೊಂಡರು. ಅದು ತನ್ನ ಪೊಟ್ಟಣದೊಳಗೇ ನನ್ನ ಸಣ್ಣ ಜೇಬಿನಲ್ಲಿ ಕುಳಿತಿತು.

ಆಮೇಲಿನ ವರ್ಷಗಳು ಸುಖದ ವರ್ಷಗಳು. ಸೈಕಲ್ ಇಲ್ಲದ ರಜೆಗಳಲ್ಲಿ ಅಣ್ಣತಂಗಿ ನಡೆದೇ ಗುಡ್ಡ ಹತ್ತುತ್ತಿದ್ದರು. ತಂಗಿಯ ಬೆನ್ನಿಗೆ ನಾನು. ಅಣ್ಣನ ಕೈಯಲ್ಲಿ ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ. ಒಮ್ಮೆ ಕಡಿದಾದ ಜಾಗದಲ್ಲಿ ತಂಬಿಗೆ ಜಾರಿ, ಕಲ್ಲಿಂದ ಕಲ್ಲಿಗೆ ಹಾರಿ, ಗಂಟೆ ಬಾರಿಸಿದಂತೆ ಸದ್ದು ಮಾಡುತ್ತ ಕಣಿವೆಗೆ ಹೋಯಿತು. ಬಿಸಿಲು ಏರಿತ್ತು. ಯಮುನಾಬಾಯಿಯವರು ಹೊಸ ತುದಿಯ ಪೊಟ್ಟಣ ತೆಗೆದು ಮುಂದೆ ಹಿಡಿದರು. ರಾಯರು ತಲೆಯಾಡಿಸಿದರು. ತಂಗಿ ಜುಲುಮೆ ಮಾಡಲಿಲ್ಲ. ಆದರೆ ಗುಡ್ಡದ ಕೆಳಗಿನ ಬಾವಿ ಸಿಗುವವರೆಗೆ ತಾನೂ ಒಂದು ಗುಟುಕು ಕುಡಿಯಲಿಲ್ಲ. ಎರಡು ಒಣಗಿದ ಗಂಟಲುಗಳ ನಡುವೆ ನಾನು ತುಂಬಿದ ಹೊಟ್ಟೆ ಹೊತ್ತು ನಾಚುತ್ತ ಇಳಿದೆ.

ಆ ದಿನದ ನಂತರ ರಾಯರು ತಾವಾಗಿ ಒಂದು ಕೆಲಸ ಹಚ್ಚಿಕೊಂಡರು. ತಂಗಿ ಸೈಕಲ್ ಒಯ್ಯುವ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಹಿತ್ತಲ ಬಾವಿಯ ನೀರನ್ನು ತಾವೇ ನನ್ನೊಳಗೆ ತುಂಬುತ್ತಿದ್ದರು. ತುಂಬುವಾಗ ಪೂಜೆಯ ಕಲಶಕ್ಕೆ ಕರೆಯುವಂತೆ ಪುಣ್ಯನದಿಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಗಂಗೆಯ ಹೆಸರಾಗಿ ಯಮುನೆಯ ಹೆಸರು ಬರುತ್ತಲೇ ಒಳಮನೆಯಿಂದ, "ಬಂದೆ ಅಣ್ಣಾ, ಬೂಟು ಹಾಕ್ಕೊಳ್ಳಿಕತ್ತೀನಿ!" ಎಂಬ ಕೂಗು ಬರುತ್ತಿತ್ತು. ಪ್ರತಿ ಸಲವೂ ರಾಯರು ಹುಬ್ಬು ಗಂಟಿಕ್ಕುತ್ತಿದ್ದರು. ಪ್ರತಿ ಸಲವೂ ಆ ಕೂಗಿಗಾಗಿ ಒಂದು ಗಳಿಗೆ ತಡೆದೇ ಮುಂದಿನ ನದಿಯನ್ನು ಕರೆಯುತ್ತಿದ್ದರು.

ಒಂದೆರಡು ಸಲ ತುಳಸಿ ದಳಗಳನ್ನೂ ಹಾಕಿದರು. ದಳವೊಂದು ನಳಿಕೆಯಲ್ಲಿ ಸಿಕ್ಕಿ ಗುಡ್ಡದ ಮೇಲೆ ನೀರೇ ಬರಲಿಲ್ಲ. "ಪೂಜಾ ದೇವರಿಗೆ ಮಾಡು ಅಣ್ಣಾ, ಪೈಪಿಗೆ ಬ್ಯಾಡ!" ಎಂದು ಯಮುನಾಬಾಯಿಯವರು ಮನೆಗೆ ಬಂದು ರೇಗಿದರು. ಅಂದಿನಿಂದ ದಳ ನಿಂತಿತು, ನದಿಗಳು ನಿಲ್ಲಲಿಲ್ಲ. ತಿರುಗಾಡಿ ಬಂದ ಸಂಜೆ ಯಮುನಾಬಾಯಿಯವರು ನನ್ನನ್ನು ತಪ್ಪದೆ ತೊಳೆದು, ಬಾಯಿ ಮುಚ್ಚಿಕೊಳ್ಳದಂತೆ ಒಳಗೊಂದು ಸೌಟು ಸಿಕ್ಕಿಸಿ, ಮೊಳೆಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದರು. ರಾಯರ ಹೆಂಡತಿ ವತ್ಸಲಾಬಾಯಿ ಅಡುಗೆಮನೆಯಲ್ಲಿ ಸೌಟು ಹುಡುಕಿ ಸುಸ್ತಾಗಿ, "ಚೀಲದ ಊಟ ಆಗಿದ್ರ ನಮಗೂ ಸೌಟು ಕೊಡ್ರಿ," ಎನ್ನುತ್ತಿದ್ದರು.

ಕೊನೆಯ ಬೆಳಿಗ್ಗೆ ರಾಯರು ಜ್ವರದಲ್ಲಿ ಮಲಗಿದ್ದರು. ಯಮುನಾಬಾಯಿಯವರು ಸ್ನಾನ ಮಾಡಿ, ಸದ್ದಾಗದಂತೆ ನನ್ನನ್ನು ಮೊಳೆಯಿಂದ ಇಳಿಸಿ, ತಾವೇ ಬಾವಿಯ ನೀರು ತುಂಬಿದರು. ಅರ್ಧ ತುಂಬಿದವರು ತಡೆದರು. "ಎದ್ದ ಕೂಡಲೆ, ಬರೇ ನೀರು ಒಯ್ದಿಯೇನು ಅಂತ ಕೇಳ್ತಾನ ಇವ," ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ದೇವರ ಮನೆಗೆ ಹೋಗಿ, ಹಿಂದಿನ ದಿನ ಅಣ್ಣ ಪೂಜೆ ಮಾಡಿಟ್ಟ ತೀರ್ಥದ ಬಟ್ಟಲನ್ನು ತಂದು ನನ್ನೊಳಗೆ ಬಗ್ಗಿಸಿದರು. ಬಟ್ಟಲಲ್ಲಿದ್ದ ತುಳಸಿಯನ್ನು ಬಿಡಿದಳವಾಗಿ ಹಾಕಲಿಲ್ಲ. ನಳಿಕೆಗೆ ಹೋಗದಂತೆ ಇಡೀ ಕುಡಿಯನ್ನೇ ಇಳಿಬಿಟ್ಟರು. ನದಿಗಳನ್ನೂ ಕರೆದರು. ತಮ್ಮ ಹೆಸರು ಬಂದಾಗ, "ಬಂದೆ ಅಣ್ಣಾ," ಎಂದು ಪಿಸುಗುಟ್ಟಿ ನಕ್ಕರು.

ಗುಡ್ಡದ ಮೇಲೆ ಅವರು ಕುಡಿದ ಕೊನೆಯ ಗುಟುಕು ಆ ನೀರೇ. ಅದು ನನ್ನಿಂದ ಹೊರಟು ಅವರ ಗಂಟಲಿಗೆ ಇಳಿದದ್ದಕ್ಕೆ ನಾನೇ ಸಾಕ್ಷಿ.

ಮನೆಯಲ್ಲಿ ನನ್ನನ್ನು ಅದೇ ಮೊಳೆಗೆ ನೆಟ್ಟಗೆ ತೂಗುಹಾಕಿದರು. ಉಳಿದ ನೀರು ಒಳಗೇ ಇತ್ತು.

"ಅಕಿ ಕೈಯಾರೆ ತುಂಬಿದ ನೀರು. ಯಾರೂ ಬಿಚ್ಚಬ್ಯಾಡ್ರಿ," ಎಂದರು ರಾಯರು.

"ನೀರು ಕೊಳೀತದ್ರಿ," ಎಂದರು ವತ್ಸಲಾಬಾಯಿ. "ಅಕಿ ಇದ್ದಿದ್ರ ನಿಮ್ಮನ್ನ ಬೈತಿದ್ಲು."

"ಬೈಲಿ. ಬಂದು ಬೈಲಿ."

ವತ್ಸಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ರಾಯರು ನನ್ನ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. "ಬರೇ ನೀರು ಕುಡಿದು ಹೋದ್ಲು," ಎಂದು ಗೋಡೆಗೆ ಹೇಳುತ್ತಿದ್ದರು. ನಾನು ಒಂದು ಹನಿಯನ್ನಾದರೂ ಸೋರಿ ಅವರನ್ನು ಎಬ್ಬಿಸೋಣವೆಂದರೆ ನನ್ನ ಹೊಲಿಗೆ ಗಟ್ಟಿ. ಒಳ್ಳೆಯ ಚೀಲವೆಂದು ಆರಿಸಿ ತಂದಿದ್ದರಲ್ಲ!

ಹತ್ತನೆಯ ದಿನದ ಧರ್ಮೋದಕಕ್ಕೆ ವತ್ಸಲಾಬಾಯಿಯೊಡನೆ ಹೊಳೆಯ ದಂಡೆಗೆ ಹೋಗುವಾಗ ರಾಯರು ನನ್ನನ್ನೂ ಹೆಗಲಿಗೆ ಹಾಕಿಕೊಂಡರು. ಭಟ್ಟರು ಹೇಳಿಸಿದಂತೆ ಎಳ್ಳುನೀರು ಬಿಟ್ಟಾದ ಮೇಲೆ, "ಇದನ್ನೂ ಹೊಳಿಗೆ ಬಿಡ್ತೀನಿ. ಅಕಿ ನೀರು ಅಕಿಗೇ ಮುಟ್ಟಲಿ," ಎಂದರು. ಭಟ್ಟರು ಬೇಡವೆನ್ನಲಿಲ್ಲ. ರಾಯರು ನನ್ನ ಬಾಯಿ ಬಿಚ್ಚಿ ಬಗ್ಗಿಸಿದರು. ನೀರು ಹೋಯಿತು. ನೀರಿನ ಹಿಂದೆ ಏನೋ ಜಾರಿಬಂದು ಅವರ ಅಂಗೈಗೆ ಅಂಟಿತು. ಕಪ್ಪಾಗಿತ್ತು, ಆದರೂ ಗುರುತು ಹತ್ತಿತು.

"ತುಳಸಿ," ಎಂದರು ರಾಯರು. "ವತ್ಸಲಾ, ತುಳಸಿ ಕುಡಿ. ನಾ ಹಾಕಿದ್ದಲ್ಲ ಇದು. ನಾ ಬಿಟ್ಟು ವರ್ಷಗಟ್ಟಲೆ ಆತು."

ವತ್ಸಲಾಬಾಯಿ ಹತ್ತಿರ ಬಂದು ಅಂಗೈ ನೋಡಿದರು. ಅವರ ಕೈ ತಾನಾಗಿ ಬಾಯಿಗೆ ಹೋಯಿತು.

"ಆವತ್ತು ತೀರ್ಥದ ಬಟ್ಟಲಾ ಖಾಲಿ ಇತ್ರಿ. ನಾ ಬೆಕ್ಕಿಗೆ ಬೈದೆ. ಅಯ್ಯ ನಮ್ಮವ್ವಾ, ನಾ ಬೆಕ್ಕಿಗೆ ಬೈದೆ!"

ರಾಯರು ಮರಳಿನ ಮೇಲೆ ಕುಳಿತರು. ಸುದ್ದಿ ಬಂದಂದಿನಿಂದ ಒಮ್ಮೆಯೂ ಬಾಯಿಬಿಟ್ಟು ಅಳದವರು ಈಗ ಅತ್ತರು. ಆ ಕುಡಿಯನ್ನು ಕಣ್ಣಿಗೊತ್ತಿಕೊಂಡರು. "ನನ್ನ ಪೂಜಾದ ತೀರ್ಥಾನ ಕುಡಿದು ಹೋಗ್ಯಾಳ. ತಾನ ಹಾಕ್ಕೊಂಡು ಹೋಗ್ಯಾಳ," ಎಂದು ಮತ್ತೆ ಮತ್ತೆ ಹೇಳಿದರು. ಭಟ್ಟರು ತಮ್ಮ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. ಕುಡಿಯನ್ನು ಹೊಳೆಗೆ ಬಿಟ್ಟಾಗ ಅದು ತೇಲುತ್ತ ಹೋಯಿತು.

ವರ್ಷಾಂತಿಕದ ನಂತರದ ಒಂದು ಮುಂಜಾನೆ ರಾಯರು ನನ್ನನ್ನು ತುಂಬಿಕೊಂಡು, ರೋಹಿಣಿಯನ್ನು ಜೊತೆಗೆ ಕರೆದುಕೊಂಡು ಆ ನೆರಳಿನ ಮರದವರೆಗೆ ನಡೆದರು. ಕೈಯಲ್ಲಿ ತಂಬಿಗೆ ಇರಲಿಲ್ಲ. ಬುಡದಲ್ಲಿ ಕುಳಿತು ನಳಿಕೆಯನ್ನು ಬಾಯಿಯ ಹತ್ತಿರ ತಂದರು. ಅದರ ತುದಿಯಲ್ಲಿ ಯಮುನಾಬಾಯಿಯವರ ಹಲ್ಲಿನ ಗುರುತು ಇನ್ನೂ ಇತ್ತು.

"ಸರ್, ನಿಮ್ಮ ಹೊಸಾ ತುದಿ ಸಣ್ಣ ಜೇಬಿನ್ಯಾಗ ಅದ ಅಲ್ಲ? ಹಚ್ಚಿ ಕೊಡ್ಲಾ?" ಎಂದಳು ರೋಹಿಣಿ.

"ಇರಲಿ ಬಿಡವಾ," ಎಂದರು ರಾಯರು. "ಇವತ್ತೊಂದು ದಿನ ನನ್ನ ಮುಂಜಿವಿ ಆಗಿಲ್ಲಂತ ತಿಳಕೋ."

ಮತ್ತು ಕುಡಿದರು.

ಈಗ ನನಗೂ ವಯಸ್ಸಾಯಿತು. ನೀಲಿ ಮಾಸಿದೆ, ಸೊಂಟದ ಪಟ್ಟಿ ಸಡಿಲಾಗಿದೆ, ನಳಿಕೆ ಹಳದಿಯಾಗಿದೆ. ಗುಡ್ಡ ಹತ್ತುವ ಕಾಲುಗಳೂ ಮನೆಯಲ್ಲಿ ಉಳಿದಿಲ್ಲ. ದೇವರ ಮನೆಯ ಹೊರಗಿನ ಮೊಳೆಗೆ, ಹೊಟ್ಟೆಯಲ್ಲೊಂದು ಸೌಟು ಇಟ್ಟುಕೊಂಡು, ತಲೆಕೆಳಗಾಗಿ ತೂಗುತ್ತೇನೆ. ಆ ಸೌಟನ್ನು ವತ್ಸಲಾಬಾಯಿ ಈಗ ಕೇಳುವುದಿಲ್ಲ. ಬೆಳಿಗ್ಗೆ ರಾಯರು ಕಲಶ ತುಂಬುತ್ತ ನದಿಗಳನ್ನು ಕರೆಯುವುದು ನನಗೆ ಕೇಳಿಸುತ್ತದೆ. ಯಮುನೆಯ ಹೆಸರಿಗೆ ಬಂದಾಗ ಇಂದಿಗೂ ಒಂದು ಗಳಿಗೆ ತಡೆಯುತ್ತಾರೆ. ಒಳಮನೆಯಿಂದ ಯಾವ ಕೂಗೂ ಬರುವುದಿಲ್ಲ. ಆಮೇಲೆ ಮುಂದಿನ ನದಿಯನ್ನು ಕರೆಯುತ್ತಾರೆ.

ಆ ಒಂದು ಗಳಿಗೆಯಲ್ಲಿ ನಾನೂ ಬೇಡಿಕೊಳ್ಳುತ್ತೇನೆ. ಶ್ರೀಹರಿಯೇ, ಬಿಸಿಲಿನ ಏರು ಹತ್ತಿ ದಣಿದು ನಿನ್ನಲ್ಲಿಗೆ ಬಂದ ಆ ಜೀವವನ್ನು ನಿನ್ನ ನೆರಳಿನಲ್ಲಿ ಕೂರಿಸಿಕೋ. ಅಲ್ಲಿ ಅವಳಿಗೆ ದಾಹವಿಲ್ಲದಿರಲಿ, ಏರಿಲ್ಲದಿರಲಿ. ಅಣ್ಣನ ಕೈಯ ತೀರ್ಥ ಕುಡಿದು ಬಂದ ಯಮುನೆಗೆ ಶಾಂತಿ ಕೊಡು, ತಂದೆ.