ಬಾನೆಟ್ಟಿಗೆ ತಾಗಿದ ಬ್ಯಾಟರಿ

ಅಕ್ಸ್‌ಬ್ರಿಡ್ಜ್‌ನ ಮನೆ ಮುಂದೆ ನಿಂತಿದ್ದ ಹಳೆ ಜೀಪನ್ನು ನಿಜಲಿಂಗಪ್ಪ ಮತ್ತು ಅವನ ಮಗಳು ಅಂಕಿತಾ ಸೇರಿ ನಾಲ್ಕು ವರ್ಷ ರಿಪೇರಿ ಮಾಡಿದ್ದರು. ಅದನ್ನು ಕೊಂಡಾಗ ಅವಳಿನ್ನೂ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಳು. ಶನಿವಾರ ಬಂತೆಂದರೆ ಅಪ್ಪ ಜೀಪಿನಡಿ, ಮಗಳು ಎಂಜಿನ್ನಿನ ಮೇಲೆ ಬಾಗಿ ವೈರುಗಳ ನಡುವೆ. ಅವನು ವಿಜಯಪುರದ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷ್ ಬೆರೆಸಿ ಉತ್ತರ ಕೊಡುತ್ತಿದ್ದಳು.

ಜೂನ್‌ನಲ್ಲಿ ಇಬ್ಬರೂ ವೇಲ್ಸ್‌ನ ಗುಡ್ಡದ ಹಾದಿಗಳಿಗೆ ಹೋಗುವುದೆಂದು ನಿಶ್ಚಯಿಸಿದ್ದರು. ಮೂರು ದಿನದ ರೊಟ್ಟಿ, ಮೊಸರು, ಪಲ್ಯ ಕೆಡಬಾರದೆಂದು ನಿಜಲಿಂಗಪ್ಪ ಜೀಪಿನ ಹಿಂಭಾಗದಲ್ಲಿ ಸಣ್ಣದೊಂದು ಫ್ರಿಜ್ ಕೂರಿಸಿದ. ಫ್ರಿಜ್ ಹತ್ತು ತಾಸು ಓಡಿದರೆ ಸಾಕು, ಆಮೇಲೆ ಜೀಪು ಸ್ಟಾರ್ಟ್ ಆಗುತ್ತಿರಲಿಲ್ಲ. ಬ್ಯಾಟರಿ ಸಾಲದು ಎಂಬುದು ಇಬ್ಬರಿಗೂ ಗೊತ್ತಾಯಿತು.

ಸೌತ್‌ಹಾಲ್‌ನ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ಗೆಳೆಯ ಶರಣಬಸವ ಒಂದು ಭಾನುವಾರ ದೊಡ್ಡ ಬ್ಯಾಟರಿ ಹೊತ್ತು ತಂದ. ಜೊತೆಗೆ ಇನ್ನೊಬ್ಬ ಗೆಳೆಯ ಲೋಕೇಶನೂ ಬಂದಿದ್ದ. ಮೂವರೂ ಸೇರಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರು. ಹಳೆ ಕ್ಲಾಂಪು ಹಿಡಿಯಲಿಲ್ಲವೆಂದು ರಬ್ಬರ್ ಪಟ್ಟಿ ಬಿಗಿದರು.

ಅಂಕಿತಾ ಹೊರಗೆ ಬಂದು ನೋಡಿದಳು. "ಅಪ್ಪಾ, ಇಟ್ಸ್ ಟೂ ಟಾಲ್. ಬಾನೆಟ್‌ಗೆ ಟಚ್ ಆಗ್ತೈತಿ."

"ಎಲ್ಲೀದವಾ? ಬಾನೆಟ್ ಸಲೀಸ ಮುಚ್ಚತೈತಿ, ನೋಡಿಲ್ಲೆ."

ಅವಳು ಒಳಗೆ ಹೋಗಿ, ಅವ್ವ ಚನ್ನಬಸವ್ವ ಚಪಾತಿಗೆಂದು ನಾದಿಟ್ಟಿದ್ದ ಕಣಕದಿಂದ ಒಂದು ಉಂಡೆ ತಂದು ಬ್ಯಾಟರಿಯ ಟರ್ಮಿನಲ್ ಮೇಲೆ ಇಟ್ಟಳು. ಬಾನೆಟ್ ಮುಚ್ಚಿ ತೆಗೆದಳು. ಉಂಡೆ ಕಾಗದದಷ್ಟು ತೆಳ್ಳಗಾಗಿತ್ತು. "ಇಷ್ಟ ಗ್ಯಾಪ್ ಐತಿ. ಒಂದ್ ಬಂಪ್ ಸಾಕು, ಶಾರ್ಟ್ ಆಗಿ ಬೆಂಕಿ ಹತ್ತತೈತಿ. ನೆಕ್ಸ್ಟ್ ಸ್ಯಾಟರ್ಡೇ ಬ್ಯಾಟರಿ ಟ್ರೇ ಕೆಳಗ ಇಳಿಸೋಣು."

ಅವಳ ಮಾತು ಸರಿ ಎಂದು ನಿಜಲಿಂಗಪ್ಪನಿಗೆ ಆ ಗಳಿಗೆಯಲ್ಲೇ ಅನ್ನಿಸಿತ್ತು. ಆದರೆ ಗೆಳೆಯರಿಬ್ಬರೂ ನೋಡುತ್ತ ನಿಂತಿದ್ದರು. ಊರಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದವನು ತಾನು ಎಂದು ಅವರ ಮುಂದೆ ಆಗಷ್ಟೇ ಹೇಳಿಕೊಂಡಿದ್ದ. ಅವನು ಜೋರಾಗಿ ನಕ್ಕ.

"ಜೀಪಿನ್ಯಾಗ ಹೋಳಿಗಿ ಲಟ್ಟಸಾಕ ಬಂದೀಯೇನ? ಒಳಗ ನಡಿ, ನಿಮ್ಮವ್ವ ಒಲಿ ಹಚ್ಚ್ಯಾಳ."

ಆಮೇಲೆ ಅವರಿಬ್ಬರೂ ನಕ್ಕರು. ಅಂಕಿತಾ ಟರ್ಮಿನಲ್ಲಿಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆದು, ಬಟ್ಟೆಯಿಂದ ಒರೆಸಿ ಒಳಗೆ ಹೋದಳು.

ಮುಂದಿನ ಶನಿವಾರ ಅವಳು ಕೆಲಸವಿದೆ ಎಂದಳು. ನಿಜಲಿಂಗಪ್ಪ ಬಾನೆಟ್ಟಿನ ಒಳಮೈಗೆ ಹಳೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಇಷ್ಟು ಸಾಕು ಅಂದುಕೊಂಡ. ವೇಲ್ಸ್‌ಗೆ ಹೋಗುವ ಮುಂಚೆ ಒಮ್ಮೆ ಓಡಿಸಿ ನೋಡೋಣವೆಂದು ಶರಣಬಸವನನ್ನು ಕರೆದುಕೊಂಡು, ಊರಂಚಿನಲ್ಲಿ ಜೀಪಿನವರು ಸೇರುವ ಹಳೆ ಜಲ್ಲಿ ಗಣಿಗೆ ಹೋದ.

ಮೂರನೆಯ ಕೊರಕಲಿಗೆ ಜೀಪಿನ ಮೂತಿ ಧಡ್ಡನೆ ಬಿತ್ತು. ಬಾನೆಟ್ಟಿನಡಿ ಚಟಪಟ ಸದ್ದಾಯಿತು, ರಬ್ಬರ್ ಸುಟ್ಟ ವಾಸನೆ ಬಂತು. ಇಬ್ಬರೂ ಕೆಳಗೆ ಜಿಗಿದು ಮುಂಭಾಗಕ್ಕೆ ಓಡಿದರು. ತೆರೆಯಲು ಹೋದರೆ ಬಾನೆಟ್ ಕೈ ಸುಡುತ್ತಿತ್ತು. ಫೈರ್ ಎಂಜಿನ್ ಬರುವಷ್ಟರಲ್ಲಿ ನಾಲ್ಕು ವರ್ಷದ ಕೆಲಸವೆಲ್ಲ ಕರಕಲಾಗಿತ್ತು.

ಫೋನ್ ಮಾಡಿದ ಮುಕ್ಕಾಲು ತಾಸಿಗೆ ಅಂಕಿತಾ ಕೆಲಸದ ವ್ಯಾನಿನಲ್ಲೇ ಬಂದಳು. ಜೀಪಿನತ್ತ ನೋಡಲಿಲ್ಲ. ಅಪ್ಪನ ಎರಡೂ ಅಂಗೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಆರ್ ಯು ಹರ್ಟ್?"

"ನೀ ಹೇಳಿದ್ದು ಖರೆ ಇತ್ತವಾ."

"ಇಟ್ಸ್ ಫೈನ್, ಅಪ್ಪಾ."

ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಮನೆ ಮುಟ್ಟುವವರೆಗೂ ಅವನು ಅಂದುಕೊಂಡ. ಅವಳು ಅಂದೂ ಬೈಯಲಿಲ್ಲ, ಆಮೇಲೂ ಬೈಯಲಿಲ್ಲ. ಎರಡು ತಿಂಗಳಾದ ಮೇಲೆ ಅವನು ಇನ್ನೊಂದು ಜೀಪಿನ ಫೋಟೋ ತೋರಿಸಿದ. "ಈ ಸಲ ನೀ ಹೇಳಿದಂಗ ಮಾಡೋಣವಾ. ನಾ ಬರೇ ಟಾರ್ಚ್ ಹಿಡೀತೀನಿ."

ಅಂಕಿತಾ ಫೋಟೋ ನೋಡಿ ಅದನ್ನು ಅವನ ಕಡೆಗೇ ಸರಿಸಿದಳು. "ಜೀಪ್ ಸುಟ್ಟಿದ್ದಕ್ಕ ನಂಗ ಸಿಟ್ಟಿಲ್ಲ, ಅಪ್ಪಾ. ಬಟ್ ಯು ಲಾಫ್ಡ್ ಫಸ್ಟ್. ಅವರು ಆಮ್ಯಾಲೆ ನಕ್ಕರು."

ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಹತ್ತಿರವೆಂದು ಅವಳು ನಗರದ ಇನ್ನೊಂದು ತುದಿಯ ಈಸ್ಟ್ ಹ್ಯಾಮ್‌ನ ಫ್ಲ್ಯಾಟಿಗೆ ಹೋದಳು.

ದೀಪಾವಳಿ ಊಟಕ್ಕೆ ಅವಳು ಬಂದ ದಿನ ನಿಜಲಿಂಗಪ್ಪ ಶರಣಬಸವನನ್ನೂ ಲೋಕೇಶನನ್ನೂ ಕರೆಸಿದ್ದ. ಎಲ್ಲರೂ ಊಟಕ್ಕೆ ಕೂತಾಗ ಎದ್ದು ನಿಂತು, "ಅವತ್ತ ಅಂಕಿತಾ ಹೇಳಿದ್ದ ಖರೆ. ಅದು ಆಗ ನಂಗ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮುಂದ ಆಕೀನ್ನ ನಗೆಪಾಟಲ ಮಾಡಿದೆ" ಎಂದ. ಶರಣಬಸವ ತಲೆತಗ್ಗಿಸಿ, "ನಮ್ದೂ ತಪ್ಪಾತವಾ" ಎಂದ. ಅಂಕಿತಾ ಮುಗುಳ್ನಕ್ಕು, "ಊಟ ಮಾಡ್ರಿ ಅಂಕಲ್, ಆರತೈತಿ" ಎಂದಳು.

ಸಂಜೆ ಅವಳನ್ನು ಬಿಡಲು ಅವನು ಟ್ಯೂಬ್ ರೈಲಿನ ಸ್ಟೇಷನ್ನಿಗೆ ಹೋದ. ರೈಲು ಅಲ್ಲಿಂದಲೇ ಹೊರಡುವುದಾದ್ದರಿಂದ ಬಾಗಿಲು ತೆರೆದುಕೊಂಡು ನಿಂತಿತ್ತು. ಅಂಕಿತಾ ಒಳಗೆ ಕೂತಳು, ಅವನು ಪ್ಲಾಟ್‌ಫಾರ್ಮಿನಲ್ಲೇ ನಿಂತ.

"ಮುಂದಿನ ಶನಿವಾರ ಬರ್ತೀಯೇನವಾ?"

"ನೋಡ್ತೀನಿ, ಅಪ್ಪಾ."

ಇನ್ನೂ ಐದಾರು ನಿಮಿಷ ರೈಲು ಅಲ್ಲೇ ಇತ್ತು. ಇನ್ನೇನು ಕೇಳಬೇಕೆಂದು ತೋಚದೆ ಅವನು, ಸ್ವೆಟರ್ ತಂದಿದ್ದೀಯಾ ಎಂದು ಕೇಳಿದ. ಅವಳು ಹೂಂ ಎಂದಳು.